ಇಂಗ್ಲಿಷ್ ಬರವಣಿಗೆಯಲ್ಲಿ ಫ್ರೆಂಚ್ ನುಡಿಗಟ್ಟುಗಳು

ಮುಂಬಯಿಯಲ್ಲಿ ನೆಲಸಿರುವ ನಮ್ಮ ಕನ್ನಡ ಕುಟುಂಬಗಳಿಗೆ ವೈಶಾಖಮಾಸ ಬಂದಿತೆಂದರೆ ಲಗ್ನಪತ್ರಿಕೆಗಳ ಮಳೆಯೇ ಸುರಿಯುತ್ತದೆ. ಇವುಗಳಲ್ಲಿ ಬಹುಪಾಲು ಪತ್ರಿಕೆಗಳಿಗೆ ಎರಡು ಮುಖ. ಒಂದು ಮಗ್ಗುಲಿನಲ್ಲಿ ಕನ್ನಡ, ಇನ್ನೊಂದರಲ್ಲಿ ಇಂಗ್ಲಿಷ್. ಇಂಗ್ಲಿಷ್ ಮಗ್ಗುಲಿನ ಕೆಳತುದಿಯಲ್ಲಿ 'ಆರ್.ಎಸ್.ವಿ.ಪಿ.' ಎಂಬ ನಾಲ್ಕು ಅಕ್ಷರಗಳೂ, ಅವುಗಳ ಅಡಿಯಲ್ಲಿ ಸೋದರಮಾವನ ಹೆಸರೂ ದೂರವಾಣಿಯ ಸಂಖ್ಯೆಯೂ ಅಚ್ಚಾಗಿರುತ್ತವೆ. ಈ ನಾಲ್ಕು ಅಕ್ಷರಗಳ ಅರ್ಥವೇನೆಂದು ಹತ್ತನೆಯ ತರಗತಿಯಲ್ಲಿ ನಾವು ಕೇಳಿದೆವು. 'ಸುಖಾಗಮನ ಬಯಸುವವರು' ಎಂದು ಕೆಲವರೆಂದರು. ಕನ್ನಡ ಮಗ್ಗುಲಿನಲ್ಲಿ ಅದೇ ಸ್ಥಳದಲ್ಲಿ ಆ ಮಾತಿರುವುದರಿಂದ ಈ ಊಹೆಗೆ ಬುದ್ಧಿವಂತಿಕೆಯ ಆಧಾರವಿಲ್ಲದೆ ಇಲ್ಲ. ಒಬ್ಬ ಬಾಲಕನು, ಅದು ಯಾವುದೋ ಮನೆತನದ ಹೆಸರಿನ ಮೊದಲಕ್ಷರಗಳಿರಬೇಕೆಂದನು. ಇಂಗ್ಲಿಷಿನಲ್ಲಿ ಅದನ್ನು ಬಿಡಿಸಲು ಹೊರಟವರು ಯಾರೂ ದಡ ಮುಟ್ಟಲಿಲ್ಲ. ಮುಟ್ಟುವುದು ಸಾಧ್ಯವೂ ಇರಲಿಲ್ಲ, ಏಕೆಂದರೆ ಆ ಅಕ್ಷರಗಳು ಇಂಗ್ಲಿಷಿನವೇ ಅಲ್ಲ. ಅವು 'ರೆಪೋಂದೇ ಸಿಲ್ ವೂ ಪ್ಲೇ' ಎಂಬ ಫ್ರೆಂಚ್ ವಾಕ್ಯದ ಸಂಕ್ಷೇಪ. 'ತಮಗೆ ಒಪ್ಪಿಗೆಯಾದರೆ ಉತ್ತರ ಕೊಡಿರಿ' ಎಂಬುದು ಅದರ ಶಬ್ದಾರ್ಥ. 'ದಯವಿಟ್ಟು ಉತ್ತರ ತಿಳಿಸಿರಿ' ಎಂಬುದು ಭಾವಾರ್ಥ. ಎಂದ ಮೇಲೆ ಆ ಸೋದರಮಾವನು ಬರಿಯ ಶುಭಾಶಯ ಕೋರುವವನಲ್ಲ, ನಾವು ಬರುವೆವೋ ಇಲ್ಲವೋ ಎಂಬ ಉತ್ತರಕ್ಕಾಗಿ ಕಾದಿರುವವನು. ಎಲೆಗಳ ಲೆಕ್ಕ ಅವನ ತಲೆಯ ಮೇಲಿರುತ್ತದೆಯಷ್ಟೆ!

ಇಷ್ಟು ತಿಳಿದ ಮೇಲೆ ಒಂದು ಸಾಮಾನ್ಯ ತಪ್ಪು ತಾನಾಗಿಯೇ ಕಾಣುತ್ತದೆ. 'ಪ್ಲೀಸ್ ಆರ್.ಎಸ್.ವಿ.ಪಿ.' ಎಂದು ಬರೆಯುವವರುಂಟು. 'ದಯವಿಟ್ಟು' ಎಂಬುದು ಆ ನಾಲ್ಕು ಅಕ್ಷರಗಳ ಒಳಗೇ ಅಡಗಿರುವಾಗ ಹೊರಗೆ ಇನ್ನೊಂದನ್ನು ನಿಲ್ಲಿಸಿದರೆ 'ಗೇಟುಬಾಗಿಲು', 'ನಡುಮಧ್ಯೆ' ಎಂದಂತೆ ಆಗುತ್ತದೆ. ಇದೇ ನಾಲ್ಕಕ್ಷರವನ್ನು ಇಂದಿನ ಇಂಗ್ಲಿಷರು ಕ್ರಿಯಾಪದವಾಗಿಯೂ ಬಳಸಿ, 'ನಾನು ಆರ್.ಎಸ್.ವಿ.ಪಿ. ಮಾಡಿದೆ' ಎನ್ನುವುದುಂಟು. ಅದು ಮಾತಿನಲ್ಲಿ ಸಲ್ಲುತ್ತದೆ. ಗೌರವದ ಪತ್ರದಲ್ಲಿ ಅಷ್ಟು ಶೋಭಿಸುವುದಿಲ್ಲ.

ಇಂಗ್ಲಿಷಿನೊಳಗೆ ಫ್ರೆಂಚ್ ಹೇಗೆ ಬಂದಿತೆಂಬುದನ್ನು ಇತಿಹಾಸದ ಪಾಠದಲ್ಲಿ ನೀವು ಸ್ವಲ್ಪಮಟ್ಟಿಗೆ ಓದಿರುತ್ತೀರಿ. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ವಿಲಿಯಮನು ಸಮುದ್ರವನ್ನು ದಾಟಿ ಬಂದು ಇಂಗ್ಲೆಂಡನ್ನು ಗೆದ್ದನು. ಆ ಬಳಿಕ ಬಹುಕಾಲದವರೆಗೆ ಅರಮನೆಯ ಭಾಷೆಯೂ ನ್ಯಾಯಸ್ಥಾನದ ಭಾಷೆಯೂ ಫ್ರೆಂಚೇ ಆಗಿತ್ತು. ನ್ಯಾಯಾಲಯದ ವಾದಗಳು ಇಂಗ್ಲಿಷಿನಲ್ಲಿ ನಡೆಯತಕ್ಕದ್ದೆಂದು 1362ರಲ್ಲಿ ಒಂದು ಶಾಸನವಾಯಿತು. ಆ ಶಾಸನವನ್ನೂ ಫ್ರೆಂಚಿನಲ್ಲಿಯೇ ಬರೆದರೆಂಬುದು ವಿನೋದದ ಸಂಗತಿ. ಇಂದಿಗೂ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಮಸೂದೆಯೊಂದಕ್ಕೆ ಅರಸನ ಒಪ್ಪಿಗೆ ದೊರೆತುದನ್ನು ಸಾರುವ ಮಾತು ಹಳೆಯ ನಾರ್ಮನ್ ಫ್ರೆಂಚಿನದು. ಅಂದಮೇಲೆ ನಮ್ಮನ್ನಾಳಿದವರ ಭಾಷೆಯೂ ಒಂದು ಕಾಲಕ್ಕೆ ಪರರ ಭಾಷೆಯ ಕೆಳಗೆ ತಲೆಬಾಗಿದ್ದುದೇ ಸರಿ. ನಾಲ್ಕು ಮಂದಿಯ ನಡುವೆ ಇಂಗ್ಲಿಷ್ ಆಡಲು ಹಿಂಜರಿಯುವ ಕನ್ನಡ ಶಾಲೆಯ ಮಕ್ಕಳು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಹೀಗೆ ಬಂದ ಶಬ್ದಗಳೆಲ್ಲವೂ ಒಂದೇ ಬಗೆಯವಲ್ಲ. ಕನ್ನಡ ವ್ಯಾಕರಣವನ್ನು ಓದಿದ ನಿಮಗೆ ಈ ಭೇದವನ್ನು ತಿಳಿಯುವುದು ಇಂಗ್ಲಿಷ್ ಮಾಧ್ಯಮದ ಮಕ್ಕಳಿಗಿಂತ ಸುಲಭವೆಂದು ನಾವು ಧೈರ್ಯವಾಗಿ ಹೇಳಬಲ್ಲೆವು. ಸಂಸ್ಕೃತದಿಂದ ನಮ್ಮಲ್ಲಿಗೆ ಬಂದ ಶಬ್ದಗಳಲ್ಲಿ ತತ್ಸಮ, ತದ್ಭವ ಎಂಬ ಎರಡು ವರ್ಗಗಳುಂಟಷ್ಟೆ. 'ಸಂಧ್ಯಾ' ಎಂಬುದು 'ಸಂಜೆ'ಯಾಯಿತು, 'ಕಾರ್ಯ'ವು 'ಕಜ್ಜ'ವಾಯಿತು, 'ಪರ್ವ'ವು 'ಹಬ್ಬ'ವಾಯಿತು. 13ನೆಯ ಶತಮಾನದಲ್ಲಿಯೇ ಕೇಶಿರಾಜನು ತನ್ನ 'ಶಬ್ದಮಣಿದರ್ಪಣ'ದಲ್ಲಿ ಈ ಮಾರ್ಪಾಡುಗಳಿಗೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟನು. ಇಂಗ್ಲಿಷಿನಲ್ಲಿಯೂ 'ಟೇಬಲ್', 'ಜಡ್ಜ್', 'ಮಟನ್' ಮೊದಲಾದವು ಫ್ರೆಂಚಿನ ತದ್ಭವಗಳು. ಅವು ಎಂದೋ ಮನೆಯ ಮಕ್ಕಳಾಗಿ ಹೋದುವು. ಅವುಗಳ ವಿಷಯದಲ್ಲಿ ಫ್ರೆಂಚ್ ನಿಯಮವನ್ನು ಯಾರೂ ಕೇಳುವುದಿಲ್ಲ. ಒಂದೇ ಫ್ರೆಂಚ್ ಶಬ್ದವು ಎರಡು ಕಾಲಗಳಲ್ಲಿ ಎರಡು ವೇಷದಿಂದ ಬಂದಿರುವುದೂ ಉಂಟು. ಫ್ರೆಂಚರು ಒಂದು ಅಕ್ಷರಜೋಡಿಯನ್ನು ಚಕಾರವಾಗಿ ಉಚ್ಚರಿಸುತ್ತಿದ್ದ ಪೂರ್ವಕಾಲದಲ್ಲಿ ಬಂದ ಶಬ್ದ 'ಚೀಫ್', ಎಂದರೆ ಮುಖ್ಯಸ್ಥ. ಆ ಚಕಾರವು ಷಕಾರವಾದ ಎಷ್ಟೋ ಕಾಲದ ಮೇಲೆ, 19ನೆಯ ಶತಮಾನದಲ್ಲಿ, ಅದೇ ಶಬ್ದ ಮತ್ತೆ ಬಂದು 'ಷೆಫ್' ಆಯಿತು, ಎಂದರೆ ಅಡುಗೆಮನೆಯ ಮುಖ್ಯಸ್ಥ. ನಿಮ್ಮಲ್ಲಿ ಹಲವರ ತಂದೆಯರು ದುಡಿಯುವ 'ಹೋಟೆಲ್', ಊರು ಬಿಟ್ಟು ಬಂದ ವಿದ್ಯಾರ್ಥಿಗಳು ತಂಗುವ 'ಹಾಸ್ಟೆಲ್' ಇವೂ ಇಂಥ ಅಣ್ಣತಮ್ಮಂದಿರೇ. ಫ್ರೆಂಚರು ಮಧ್ಯದ ಸಕಾರವನ್ನು ಉಚ್ಚರಿಸುವುದನ್ನು ಬಿಟ್ಟರು. ಬಿಟ್ಟುದರ ಗುರುತಾಗಿ 'ಒ' ಅಕ್ಷರದ ತಲೆಯ ಮೇಲೆ ಒಂದು ಸಣ್ಣ ಟೊಪ್ಪಿಗೆಯನ್ನಿಟ್ಟರು. ಫ್ರೆಂಚಿನಲ್ಲಿ ಈ ಟೊಪ್ಪಿಗೆಯನ್ನು ಕಂಡಲ್ಲೆಲ್ಲ ಇಲ್ಲೊಂದು ಸಕಾರ ಅಳಿದಿರಬಹುದೆಂದು ಊಹಿಸಬಹುದು. ಊಹೆ ಎಷ್ಟೋ ಸಲ ನಿಜವಾಗುತ್ತದೆ.

ನಮ್ಮ ಇಂದಿನ ಪಾಠ ತತ್ಸಮಗಳದು. ಇವು ಅತಿಥಿಗಳು. ಬಂದ ವೇಷದಲ್ಲಿಯೇ ಕುಳಿತಿರುತ್ತವೆ. ಅವುಗಳ ಲಿಂಗ, ವಚನ, ಸಂಧಿ, ಚಿಹ್ನೆಗಳನ್ನು ಅತಿಥೇಯನು ಮನ್ನಿಸಬೇಕು. ಅಚ್ಚಿನಲ್ಲಿ ಇಂಥ ನುಡಿಗಟ್ಟುಗಳನ್ನು ಓರೆ ಅಕ್ಷರಗಳಲ್ಲಿ ಜೋಡಿಸುವ ಪದ್ಧತಿಯಿದೆ. ಕೈಬರಹದಲ್ಲಿ ಅಡಿಗೆರೆ ಎಳೆದರೆ ಸಾಕು. 'ಮೆನು', 'ರೆಸ್ಟೊರಾಂಟ್' ಮುಂತಾದ ಪಳಗಿದ ಮಾತುಗಳಿಗೆ ಈ ಉಪಚಾರ ಬೇಕಿಲ್ಲ.

ಒಂದನ್ನು ಹಿಡಿದು ಸಾವಕಾಶವಾಗಿ ನೋಡೋಣ. ಭಾರತದ ಇಂಗ್ಲಿಷ್ ಪತ್ರಿಕೆಗಳಲ್ಲಿಯೂ ಕಚೇರಿಯ ಕಾಗದಗಳಲ್ಲಿಯೂ ಹೆಜ್ಜೆಹೆಜ್ಜೆಗೆ ಎದುರಾಗುವ ನುಡಿಗಟ್ಟು 'ವಿಸ್-ಎ-ವಿಸ್' ಎಂದು ಬರೆದಿರುವುದು. 'ವಿಸ್' ಎಂದರೆ ಹಳೆಯ ಫ್ರೆಂಚಿನಲ್ಲಿ ಮುಖ. 'ವಿಸೇಜ್' ಎಂಬ ಇಂಗ್ಲಿಷ್ ಶಬ್ದವೂ ಅದರ ವಂಶದ್ದೇ. ಮುಖಕ್ಕೆ ಮುಖ, ಎಂದರೆ ನಮ್ಮ 'ಮುಖಾಮುಖಿ', ಆಡುಮಾತಿನ 'ಎದುರುಬದುರು'. ಇಬ್ಬರು ಎದುರುಬದುರಾಗಿ ಕುಳಿತುಕೊಳ್ಳುವ ಒಂದು ಬಗೆಯ ಕುದುರೆಗಾಡಿಗೂ 18ನೆಯ ಶತಮಾನದಲ್ಲಿ ಇದೇ ಹೆಸರಿತ್ತು. ಲೋಕಲ್ ಗಾಡಿಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತು ಶಾಲೆಗೆ ಬರುವ ನಿಮಗೆ ಈ ಚಿತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಪ್ರಯೋಗದ ನಿಯಮವೂ ಕೈಗೆ ಬರುತ್ತದೆ. ಎರಡು ವಸ್ತುಗಳನ್ನು ಎದುರುಬದುರಾಗಿ ನಿಲ್ಲಿಸಿ ಒಂದರ ಸ್ಥಿತಿಯನ್ನು ಇನ್ನೊಂದರೊಡನೆ ತೂಗಿ ನೋಡುವಾಗ ಮಾತ್ರ ಈ ನುಡಿಗಟ್ಟು ಸಲ್ಲುತ್ತದೆ. 'ಡಾಲರಿನ ಎದುರಿನಲ್ಲಿ ರೂಪಾಯಿಯ ಬೆಲೆ' ಎಂಬಲ್ಲಿ ಇದು ಸರಿ. 'ಕೇಂದ್ರದ ಎದುರಿನಲ್ಲಿ ರಾಜ್ಯಗಳ ಅಧಿಕಾರ' ಎಂಬಲ್ಲಿಯೂ ಸರಿ. ಆದರೆ 'ನನ್ನ ಶುಲ್ಕದ ವಿಷಯವಾಗಿ ತಮ್ಮೊಡನೆ ಮಾತನಾಡಬೇಕಾಗಿದೆ' ಎಂಬ ಅರ್ಥದಲ್ಲಿ ಇದನ್ನು ಬರೆಯಬಾರದು. ಅಲ್ಲಿ ಎದುರು ಯಾವುದು, ಬದುರು ಯಾವುದು? 'ಅಬೌಟ್' ಎಂಬ ಸರಳ ಶಬ್ದ ಅಲ್ಲಿಗೆ ಧಾರಾಳವಾಗಿ ಸಾಕು. ಇದರ ಬೆನ್ನಿಗೆ 'ವಿತ್' ಅಥವಾ 'ಟು' ಎಂಬ ಅವ್ಯಯವನ್ನು ಅಂಟಿಸುವುದೂ ತಪ್ಪು. ಆ ಕೆಲಸವನ್ನು ನುಡಿಗಟ್ಟೇ ಮಾಡಿ ಮುಗಿಸಿರುತ್ತದೆ.

ಉಚ್ಚಾರಣೆ 'ವೀಜಾವೀ'. ಇದನ್ನು ಕೇಳಿ ನಕ್ಕವರಿಗೆ ನಮ್ಮ ಪ್ರಶ್ನೆ: ಮಳೆ, ಕಾಲ ಎಂಬ ಎರಡು ಪದ ಕೂಡಿದಾಗ 'ಮಳೆಕಾಲ' ಎನ್ನುವಿರೋ 'ಮಳೆಗಾಲ' ಎನ್ನುವಿರೋ? ಆದೇಶಸಂಧಿಯಲ್ಲಿ ಕಕಾರದ ಸ್ಥಾನಕ್ಕೆ ಗಕಾರವು ಬರುವಂತೆ, ಇಲ್ಲಿ ಎರಡು ಸ್ವರಗಳ ನಡುವೆ ಸಿಕ್ಕಿದ ಸಕಾರವು ಮೆತ್ತಗಾಗಿ ಜಕಾರದ ಹತ್ತಿರಕ್ಕೆ ಬರುತ್ತದೆ. ಕೊನೆಯ ಸಕಾರದ ಮುಂದೆ ಸ್ವರವಿಲ್ಲವಾದುದರಿಂದ ಅದು ಮೌನವಾಗಿಯೇ ಉಳಿಯುತ್ತದೆ. ಮೂಕವಾಗಿದ್ದ ವ್ಯಂಜನವು ಮುಂದೆ ಸ್ವರ ಬಂದೊಡನೆ ಬಾಯಿಬಿಡುವ ಈ ವ್ಯವಹಾರಕ್ಕೆ ಫ್ರೆಂಚ್ ವೈಯಾಕರಣರು 'ಲಿಯೇಜಾಂ' ಎನ್ನುತ್ತಾರೆ. 'ಲಿಯೇಜಾನ್ ಆಫೀಸರ್' ಎಂಬಲ್ಲಿ ಇರುವುದೂ ಇದೇ ಶಬ್ದ, ಕೂಡಿಸುವವನೆಂದರ್ಥ. ಅದರ ಇಂಗ್ಲಿಷ್ ಕಾಗುಣಿತದಲ್ಲಿ 'ಐ' ಅಕ್ಷರವು ಎರಡು ಸಲ ಬರುತ್ತದೆ, ನಡುವೆ ಒಂದು 'ಎ' ಇರುತ್ತದೆ. ಎರಡನೆಯ 'ಐ'ಯನ್ನು ನುಂಗಿದ ಹೆಸರುಫಲಕಗಳು ಈ ನಗರದಲ್ಲಿಯೂ ತೂಗುತ್ತಿವೆ. 'ವಿಸ್-ಎ-ವಿಸ್' ಬರೆಯುವಾಗ ನಡುವೆ ಎರಡು ಅಡ್ಡಗೆರೆಗಳಿರಬೇಕು. ನಡುವಿನ 'ಎ' ಅಕ್ಷರದ ತಲೆಯ ಮೇಲೆ ಎಡಗಡೆಯಿಂದ ಬಲಕ್ಕೆ ಇಳಿಯುವ ಗೆರೆ ಇರಬೇಕು.

ಲೋಪಸಂಧಿಯೂ ಫ್ರೆಂಚಿನಲ್ಲಿದೆ. ಊರು, ಊರು ಸೇರಿ 'ಊರೂರು' ಆಗುವಾಗ ನಡುವಿನ ಉಕಾರ ಮಾಯವಾಗುತ್ತದೆ. ನಾವು ಹೋದ ಸ್ವರಕ್ಕೆ ಗುರುತಿಡುವುದಿಲ್ಲ. ಫ್ರೆಂಚರು ಮೇಲೊಂದು ಅಲ್ಪವಿರಾಮದಂಥ ಚಿಹ್ನೆಯನ್ನು ಇಡುತ್ತಾರೆ. ಮೇಲೆ ಹೇಳಿದ 'ಸಿಲ್' ಎಂಬುದು ಸಿ, ಇಲ್ ಎಂಬ ಎರಡು ಪದಗಳ ಸಂಧಿ. 'ರೇಜೋಂ ದೆತ್ರ್' ಎಂಬ ಪ್ರಸಿದ್ಧ ನುಡಿಗಟ್ಟಿನಲ್ಲಿಯೂ ಹೀಗೆಯೇ. 'ಇರುವಿಕೆಯ ಕಾರಣ' ಎಂದು ಅದರ ಅರ್ಥ. ಒಂದು ಸಂಘವು ಯಾವುದಕ್ಕಾಗಿ ಹುಟ್ಟಿತೋ, ಯಾವುದು ಇಲ್ಲವಾದರೆ ಆ ಸಂಘವೇ ಇರಬೇಕಾಗಿಲ್ಲವೋ, ಅದು ಅದರ ರೇಜೋಂ ದೆತ್ರ್. ಮಳೆಯಿಂದಾಗಿ ಗಾಡಿ ತಡವಾದರೆ ಮಳೆಯು ತಡವಾದುದಕ್ಕೆ ಕಾರಣವೇ ಹೊರತು ರೇಜೋಂ ದೆತ್ರ್ ಅಲ್ಲ. ಎರಡನೆಯ ಪದದ ಮೊದಲ 'ಇ' ಅಕ್ಷರಕ್ಕೆ ಟೊಪ್ಪಿಗೆಯುಂಟು. ಅಲ್ಲಿಯೂ ಒಂದು ಸಕಾರ ಅಳಿದಿದೆ.

ಲಿಂಗಭೇದವನ್ನು ಮರೆತರೆ ಆಗುವ ಅನರ್ಥ ಸಣ್ಣದಲ್ಲ. ನಿಶ್ಚಿತಾರ್ಥವಾದ ವರನಿಗೂ ವಧುವಿಗೂ 'ಫಿಯಾನ್ಸೇ' ಎಂಬ ಒಂದೇ ಉಚ್ಚಾರಣೆ. ಬರೆಯುವಾಗ ಮಾತ್ರ ವರನಿಗೆ ಕೊನೆಯಲ್ಲಿ ಒಂದು 'ಇ', ವಧುವಿಗೆ ಎರಡು. ಎರಡು ಕಡೆಯಲ್ಲಿಯೂ ಮೊದಲ 'ಇ'ಯ ಮೇಲೆ ಬಲಕ್ಕೆ ಏರುವ ಗೆರೆ. ಲೇಖಕ, ಲೇಖಕಿ ಎಂದು ಬೇರೆ ಮಾಡಿ ಬರೆಯುವ ನಮಗೆ ಇದೇನೂ ಹೊಸದಲ್ಲ. ಇದೇ ಜಾತಿಯ ಇನ್ನೊಂದು ಕಿರುಪದ 'ನೇ', ಎಂದರೆ 'ಹುಟ್ಟಿದವಳು'. ಕುಲಕರ್ಣಿಯವರ ಮನೆಗೆ ಸೊಸೆಯಾಗಿ ಬಂದ ದೇಶಪಾಂಡೆಯವರ ಮಗಳನ್ನು ಗುರುತಿಸಲು ಈಗಿನ ಹೆಸರಿನ ಮುಂದೆ ಈ ಪದವನ್ನಿಟ್ಟು, ಅದರ ಮುಂದೆ ತವರಿನ ಅಡ್ಡಹೆಸರನ್ನು ಬರೆಯುತ್ತಾರೆ. ಅಡ್ಡಹೆಸರನ್ನು ಮಾತ್ರ; ಹುಟ್ಟಿದಾಗ ಅವಳಿಗಿದ್ದುದು ಅದೊಂದೇ, ನಾಮಕರಣ ಆಮೇಲಿನದು. ಹೆಣ್ಣುಮಕ್ಕಳ ಅರ್ಜಿಗಳಲ್ಲಿಯೂ ಗುರುತುಪತ್ರಗಳಲ್ಲಿಯೂ ತವರಿನ ಹೆಸರು ಗಂಡನ ಮನೆಯ ಹೆಸರು ಎರಡೂ ಬಂದು ಗೊಂದಲವಾಗುವ ಈ ಕಾಲದಲ್ಲಿ, ಈ ಪುಟ್ಟ ಪದದ ಸ್ಥಾನವನ್ನು ಬಾಲಿಕೆಯರು ಸರಿಯಾಗಿ ಅರಿತಿರಬೇಕು.

ಬಹುವಚನದ ಮಾತು. 'ಕೂ ದೇತಾ' ಎಂದರೆ ರಾಜ್ಯದ ಮೇಲೆ ಬಿದ್ದ ಏಟು, ಬಲಾತ್ಕಾರದಿಂದ ಆಡಳಿತವನ್ನು ಕಸಿದುಕೊಳ್ಳುವುದು. ಅಂಥವು ಎರಡಾದರೆ ಬಹುವಚನದ 'ಎಸ್' ಅಕ್ಷರವು ಏಟಿಗೆ ಸೇರಬೇಕು, ರಾಜ್ಯಕ್ಕಲ್ಲ. 'ಫೇಟ್ ಅಕಾಂಪ್ಲಿ'ಯಲ್ಲಿ ಎರಡನೆಯದು ವಿಶೇಷಣ. ಸಂಸ್ಕೃತದಂತೆ ಫ್ರೆಂಚಿನಲ್ಲಿಯೂ ವಿಶೇಷಣವು ವಿಶೇಷ್ಯದ ವಚನವನ್ನು ಅನುಸರಿಸುವುದರಿಂದ ಅಲ್ಲಿ ಎರಡು ಪದಗಳಿಗೂ 'ಎಸ್' ಬೇಕು. ಇದರ ಅರ್ಥವನ್ನೂ ಅನೇಕರು ಅರ್ಧ ಮಾತ್ರ ಬಲ್ಲರು. ಮುಗಿದ ಕೆಲಸವೆಲ್ಲವೂ ಫೇಟ್ ಅಕಾಂಪ್ಲಿ ಅಲ್ಲ. ಮನೆಗೆಲಸವನ್ನು ಬರೆದು ಮುಗಿಸಿದ ಹುಡುಗನು ಹಾಗೆನ್ನಲಾಗದು. ಬಿಡಾರದವರ ಸಭೆ ಸೇರುವ ಮೊದಲೇ ರಾತ್ರೋರಾತ್ರಿ ಗೋಡೆಯನ್ನು ಕೆಡವಿಬಿಟ್ಟರೆನ್ನಿ. ಬೆಳಗ್ಗೆ ಸೇರಿದವರಿಗೆ ಒಪ್ಪುವುದಲ್ಲದೆ ಗತಿಯಿಲ್ಲ. ಅದು ಫೇಟ್ ಅಕಾಂಪ್ಲಿ. ಮೊದಲ ಪದವನ್ನು ವಿಧಿ ಎಂಬರ್ಥದ ಇಂಗ್ಲಿಷ್ 'ಫೇಟ್' ಎಂದು ತಿಳಿದು ಹಾಗೆಯೇ ಬರೆಯುವವರುಂಟು. ಅರ್ಥ ಹತ್ತಿರದಲ್ಲಿಯೇ ಸುಳಿಯುವುದರಿಂದ ಆ ತಪ್ಪು ಬೇಗನೆ ಕಣ್ಣಿಗೆ ಬೀಳುವುದಿಲ್ಲ.

ಕಿವಿಯಿಂದ ಕಲಿತು ಕಾಗುಣಿತ ಕೆಡಿಸುವುದಕ್ಕೆ ಇನ್ನೊಂದು ನಿದರ್ಶನ 'ಆನ್ ರೂಟ್'. ದಾರಿಯಲ್ಲಿ ಎಂದರ್ಥ. ಕಿವಿಗೆ 'ಆನ್' ಎಂದು ಕೇಳಿಸಿದರೂ ಬರೆಯಬೇಕಾದುದು 'ಇ', 'ಎನ್' ಎಂಬ ಎರಡಕ್ಷರ. ಅನಂತರ ಒಂದಿಷ್ಟು ತೆರಪು ಬಿಟ್ಟು ಎರಡನೆಯ ಪದ. ಇದಕ್ಕೆ ವಿರುದ್ಧವಾಗಿ ಫ್ರೆಂಚ್ ಬಲ್ಲೆವೆಂಬ ಭ್ರಮೆಯಿಂದ ಆಗುವ ತಪ್ಪೂ ಒಂದುಂಟು. 'ಕೂ ದ ಗ್ರಾಸ್' ಎಂದರೆ ಕರುಣೆಯ ಏಟು. ಸಾಯುತ್ತ ನರಳುವವನ ಸಂಕಟವನ್ನು ಮುಗಿಸುವ ಕೊನೆಯ ಪೆಟ್ಟು. ಫ್ರೆಂಚಿನಲ್ಲಿ ಕೊನೆಯ ವ್ಯಂಜನವನ್ನು ನುಂಗಬೇಕೆಂದು ಎಲ್ಲಿಯೋ ಕೇಳಿದ ಕೆಲವರು ಇದನ್ನು 'ಕೂ ದ ಗ್ರಾ' ಎನ್ನುತ್ತಾರೆ. ಹಾಗೆಂದರೆ ಕೊಬ್ಬಿನ ಏಟೆಂದಾಗುತ್ತದೆ! ಇಲ್ಲಿ ಸಕಾರದ ಮುಂದೆ 'ಇ' ಅಕ್ಷರ ಕಾವಲಿರುವುದರಿಂದ ಅದು ಉಚ್ಚಾರವಾಗಲೇಬೇಕು.

ಫ್ರಾನ್ಸಿಗೆ ಹೋದರೆ ಫ್ರೆಂಚರಿಗೇ ತಿಳಿಯದ ಇಂಗ್ಲಿಷರ ಫ್ರೆಂಚೂ ಇದೆ. ಸಂಗೀತ ಸಭೆಯಲ್ಲಿ ಇನ್ನೊಮ್ಮೆ ಹಾಡಿರೆಂದು ಇಂಗ್ಲಿಷರು 'ಆಂಕೋರ್' ಎಂದು ಕೂಗುತ್ತಾರೆ. ಶಬ್ದವು ಫ್ರೆಂಚಿನದೇ, ಆದರೆ ಆ ಸಂದರ್ಭದಲ್ಲಿ ಫ್ರೆಂಚರು ಕೂಗುವುದು 'ಬಿಸ್' ಎಂದು. ದ್ವಂದ್ವಾರ್ಥಕ್ಕೆ ಇಂಗ್ಲಿಷರು ಹೇಳುವ 'ಡಬಲ್ ಆಂತಾಂದ್ರ್' ಇಂದಿನ ಫ್ರೆಂಚಿನಲ್ಲಿ ಆ ರೂಪದಲ್ಲಿ ಬಳಕೆಯಲ್ಲಿಲ್ಲ. 'ಆಂತ್ರೇ' ಎಂಬುದು ಫ್ರಾನ್ಸಿನಲ್ಲಿ ಊಟದ ಆರಂಭದ ತಿನಿಸು, ಅಮೆರಿಕದಲ್ಲಿ ಊಟದ ಮುಖ್ಯ ಭಕ್ಷ್ಯ. ಇದರಲ್ಲಿ ಆಶ್ಚರ್ಯವೇನು? ಕನ್ನಡದಲ್ಲಿ 'ಉಪನ್ಯಾಸ'ವೆಂದರೆ ಭಾಷಣ, ಹಿಂದಿಯಲ್ಲಿ ಕಾದಂಬರಿ. ಹಿಂದಿಯ ತರಗತಿಯಲ್ಲಿ 'ಶಿಕ್ಷಾ' ಎಂದರೆ ವಿದ್ಯೆ. ನಮ್ಮಲ್ಲಿಯೂ ಮರಾಠಿಯಲ್ಲಿಯೂ ಅದು ಬೆತ್ತವನ್ನು ನೆನಪಿಗೆ ತರುತ್ತದೆ. ಇಂಗ್ಲಿಷ್ ಬರೆಯುವಾಗ ಇಂಗ್ಲಿಷಿನಲ್ಲಿ ನೆಲೆನಿಂತ ಅರ್ಥವನ್ನೇ ಹಿಡಿಯಬೇಕು.

ಈ ಎಲ್ಲ ಮಾತು ವಿದ್ವತ್ತಿನ ವಿಲಾಸವೆಂದು ಯಾರಾದರೂ ಎಣಿಸಬಹುದು. ನಮ್ಮ ಶಾಲೆಯ ಮಕ್ಕಳ ವಿಷಯದಲ್ಲಿ ಹಾಗಲ್ಲ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಹದಿನೈದರ ಹುಡುಗನೋ ಹುಡುಗಿಯೋ ಮನೆಗೆಲ್ಲ ಕರಣಿಕ. ಬ್ಯಾಂಕಿನ ಪತ್ರ, ಮನೆಯೊಡೆಯನಿಗೆ ಉತ್ತರ, ಆಸ್ಪತ್ರೆಯ ಅರ್ಜಿ ಎಲ್ಲವನ್ನೂ ತಂದೆತಾಯಿಗಳು ಕನ್ನಡದಲ್ಲಿಯೋ ತುಳುವಿನಲ್ಲಿಯೋ ಹೇಳುತ್ತಾರೆ, ಮಕ್ಕಳು ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಕೆಲವು ವರ್ಷಗಳ ಕೆಳಗೆ ಒಬ್ಬ ವಿದ್ಯಾರ್ಥಿಯು ಇಂಥದೊಂದು ಪತ್ರವನ್ನು ನಮಗೆ ತೋರಿಸಲು ತಂದನು. ಅವರ ಚಾಳನ್ನು ಕೆಡವಿ ಹೊಸದಾಗಿ ಕಟ್ಟುವ ಯೋಜನೆಗೆ ತಂದೆಯ ಸಮ್ಮತಿಯನ್ನು ತಿಳಿಸುವ ಪತ್ರವದು. 'ತಮ್ಮ ಯೋಜನೆಗೆ ನಮ್ಮ ಒಪ್ಪಿಗೆಯಿದೆ' ಎಂದು ಬರೆಯಬೇಕಾದಲ್ಲಿ, ಪತ್ರಿಕೆಯೊಂದರಲ್ಲಿ ಓದಿದ ಗಂಭೀರ ಮಾತೊಂದನ್ನು ತಂದು, 'ನಾವು ತಮಗೆ ಕಾರ್ತ್ ಬ್ಲಾಂಶ್ ಕೊಡುತ್ತೇವೆ' ಎಂದು ಬರೆದಿದ್ದನು. ಅಕ್ಷರಗಳು ಮುತ್ತಿನಂತಿದ್ದುವು, ಕಾಗುಣಿತದಲ್ಲಿ ಒಂದು ತಪ್ಪೂ ಇರಲಿಲ್ಲ. ಆದರೆ ಕಾರ್ತ್ ಬ್ಲಾಂಶ್ ಎಂದರೆ ಬಿಳಿಯ ಕಾಗದ. ಏನನ್ನೂ ಬರೆಯದ ಹಾಳೆಯ ಅಡಿಯಲ್ಲಿ ರುಜು ಹಾಕಿ, ಮೇಲೆ ನಿಮಗೆ ಬೇಕಾದ ಷರತ್ತನ್ನು ಬರೆದುಕೊಳ್ಳಿರೆಂದು ಕೈಗೊಪ್ಪಿಸುವುದು. ಖಾಲಿ ಕಾಗದಕ್ಕೆ ಹೆಬ್ಬೆಟ್ಟೊತ್ತಿ ಹೊಲಗಳನ್ನು ಕಳೆದುಕೊಂಡವರ ಕಥೆಗಳನ್ನು ನಮ್ಮ ಹಳ್ಳಿಗಳಲ್ಲಿ ಕೇಳದವರಾರು? ಆ ತಂದೆಗೆ ನಗರದಲ್ಲಿ ಇದ್ದುದು ಆ ಒಂದು ಕೋಣೆ. ಪತ್ರವನ್ನು ಅಂಚೆಗೆ ಹಾಕುವ ಮುನ್ನ ಆ ಸಾಲನ್ನು ಹೊಡೆದುಹಾಕಿ, ಯಾವ ಯಾವ ಮಾತಿಗೆ ಒಪ್ಪಿಗೆ, ಎಷ್ಟು ಚದರಡಿಗೆ, ಯಾವ ತಾರೀಖಿನೊಳಗೆ ಎಂಬುದನ್ನು ಸರಳವಾದ ಇಂಗ್ಲಿಷಿನಲ್ಲಿ ಅವನಿಂದಲೇ ಬರೆಯಿಸಿದೆವು. ಪತ್ರ ಎರಡು ಪುಟವಾಯಿತು.

ಹಾಗಾದರೆ ಈ ನುಡಿಗಟ್ಟುಗಳನ್ನು ಬಳಸಲೇಬಾರದೆ? ಫೌಲರನು 1926ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಪ್ರಯೋಗಕೋಶದಲ್ಲಿ ಫ್ರೆಂಚ್ ಶಬ್ದಗಳನ್ನು ಆಡಂಬರಕ್ಕಾಗಿ ಚೆಲ್ಲುವವರನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡಿದ್ದಾನೆ. ನಮ್ಮ ಬಿಹಾರದ ಮೋತಿಹಾರಿಯಲ್ಲಿ 1903ರಲ್ಲಿ ಜನಿಸಿದ ಜಾರ್ಜ್ ಆರ್ವೆಲನೂ 1946ರ ತನ್ನ ಒಂದು ಪ್ರಬಂಧದಲ್ಲಿ ಇದೇ ಅಭಿಪ್ರಾಯವನ್ನು ಇನ್ನೂ ಕಟುವಾಗಿ ಹೇಳಿದ್ದಾನೆ. ನಮಗೆ ಅಷ್ಟು ಕಠಿನವಾದ ನಿಷೇಧ ಬೇಕೆನಿಸುವುದಿಲ್ಲ. 'ಫೇಟ್ ಅಕಾಂಪ್ಲಿ' ಎರಡು ಪದಗಳಲ್ಲಿ ಹೇಳುವುದನ್ನು ಇಂಗ್ಲಿಷಿನಲ್ಲಿ ಹೇಳಲು ಒಂದು ವಾಕ್ಯ ಬೇಕು. ಅಲ್ಲಿ ಅದು ಇರಲಿ. 'ಅಬೌಟ್' ಎಂಬಲ್ಲಿ 'ವಿಸ್-ಎ-ವಿಸ್' ಬೇಡ. ಓದುವವನು ಯಾರೆಂಬುದನ್ನೂ ನೋಡಬೇಕು: ಪರೀಕ್ಷಕನಿಗೆ ತಿಳಿಯುವ ಮಾತು ಪಕ್ಕದ ಬಿಡಾರದ ಹಿರಿಯರಿಗೆ ತಿಳಿಯಲಾರದು.

ಅಭ್ಯಾಸಕ್ಕಾಗಿ ಮೂರು ವಾಕ್ಯಗಳನ್ನು ಕೊಡುತ್ತೇವೆ. ನಿಮ್ಮ ಇಂಗ್ಲಿಷ್ ಪುಸ್ತಕದಲ್ಲಿ ಬರೆದು ಸರಿಪಡಿಸಿ, ಮುಂದಿನ ವಾರ ತರತಕ್ಕದ್ದು. ಪುಣೆಗೆ ಹೊರಟ ತಂಡವು ದಾರಿಯಲ್ಲಿದೆ ಎಂಬುದನ್ನು ಒಬ್ಬನು 'ಆನ್‌ರೂಟ್' ಎಂದು ಕೂಡಿಸಿ ಒಂದೇ ಪದವಾಗಿ ಬರೆದಿದ್ದಾನೆ. ಇನ್ನೊಬ್ಬನು ತನ್ನ ಅಣ್ಣನ ಭಾವೀ ಪತ್ನಿಯನ್ನು ಕುರಿತು ಬರೆಯುತ್ತ 'ಫಿಯಾನ್ಸೇ' ಎಂಬುದರ ಕೊನೆಯಲ್ಲಿ ಒಂದೇ 'ಇ' ಇಟ್ಟಿದ್ದಾನೆ. ಮೂರನೆಯವನು, ಪರೀಕ್ಷೆಯಲ್ಲಿ ಕಡಮೆ ಅಂಕ ಬಂದುದಕ್ಕೆ ಜ್ವರವೇ 'ರೇಜೋಂ ದೆತ್ರ್' ಎಂದಿದ್ದಾನೆ. ಮೂರನೆಯದರಲ್ಲಿ ಕಾಗುಣಿತ ಸರಿಯಾಗಿದೆ. ತಪ್ಪನ್ನು ಬೇರೆ ಕಡೆ ಹುಡುಕಿರಿ.